ಶೆಡ್ಡಿನ ಅಂಗಿ

ಅಪ್ಪ ಬಿಟ್ಟುಹೋದ ಹಳೆಯ ಕಾರಿಗೆ ಅದರ ಮೊದಲಿನ ಬಣ್ಣ ತರಿಸಿಯೇ ತೀರುತ್ತೇನೆಂದು ಔಷಧದಂಗಡಿಯವನು ಹಟ ಹಿಡಿದಿದ್ದ. ಸಂಜೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಬಂದವನೇ ಹಳೆಯ ಬಿಳಿ ಅಂಗಿ ತೊಟ್ಟು, ಹಿತ್ತಲ ಶೆಡ್ಡಿನಲ್ಲಿ ಉಪ್ಪು ಕಾಗದ ಹಿಡಿದು ಉಜ್ಜುತ್ತ ಕೂರುತ್ತಿದ್ದ. ಮೇಲಿನ ಕಪ್ಪು ಹೋಯಿತು, ಅದರಡಿಯ ಕೆಂಪೂ ಹೋಯಿತು. ಈಗ ಅಪ್ಪನ ಕಾಲದ ಹಸಿರು ಇಣುಕುತ್ತಿತ್ತು. ಅದು ಕಾರಲ್ಲ, ನನ್ನ ಸವತಿ ಎಂದು ಹೆಂಡತಿ ಬಂದವರೆದುರೆಲ್ಲ ದೂರುತ್ತಿದ್ದಳು.

ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ, ಮಕ್ಕಳ ಹೊಟ್ಟೆ ಸೇರಿದರೆ ಬುದ್ಧಿಗೇ ಪೆಟ್ಟು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ನಾಲಿಗೆ ಸವೆಸಿಕೊಂಡವನು ಅವನು. ಒಂದೂವರೆ ವರ್ಷದ ಮಗಳು ಶೆಡ್ಡಿನ ಕಡೆ ಸುಳಿಯಕೂಡದೆಂದು ಮನೆಯವರಿಗೆಲ್ಲ ಕಟ್ಟಪ್ಪಣೆಯಾಗಿತ್ತು. ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕುತ್ತಿದ್ದ. ಮುಗಿಸಿ ಬಂದು ಮೊಣಕೈವರೆಗೆ ಸೋಪು ತಿಕ್ಕಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳುತ್ತಿದ್ದ. ಅಪ್ಪನ ಹೆಗಲಿಗೆ ಬೀಳದೆ ಅದಕ್ಕೆ ನಿದ್ದೆ ಹತ್ತುತ್ತಿರಲಿಲ್ಲ.

ಈಚೆಗೆ ಮಗು ಮಂಕಾಗಿತ್ತು. ಊಟ ಕಂಡರೆ ಮುಖ ತಿರುಗಿಸುತ್ತಿತ್ತು, ಹೊಟ್ಟೆ ಹಿಡಿದುಕೊಂಡು ಅಳುತ್ತಿತ್ತು. ಬಾ, ತಾ, ಅಜ್ಜಿ ಎಂದು ಮನೆ ತುಂಬ ವಟಗುಟ್ಟುತ್ತಿದ್ದುದು ಒಂದೊಂದೇ ಮಾತು ಬಿಡುತ್ತ ಬಂದಿತ್ತು. ಹಲ್ಲು ಬರುವಾಗ ಹೀಗೇ ಎಂದು ಅವನ ತಾಯಿ ಹೇಳಿದಳು, ಅವನೂ ನಂಬಿದ. ನಮಗೆ ಬೇಕಾದ ಮಾತನ್ನು ನಂಬಲು ಕಷ್ಟವೇನು?

ಕೊನೆಗೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಯಾರಾದರೂ ಹಳೆ ಬಣ್ಣ ಕೆರೆಯುತ್ತಿದ್ದಾರೆಯೇ ಎಂದು ಕೇಳಿದರು.

“ಅವಳು ಶೆಡ್ಡಿನ ಹೊಸ್ತಿಲನ್ನೂ ತುಳಿದಿಲ್ಲ ಡಾಕ್ಟ್ರೇ. ಬೇಕಾದ್ರೆ ಆಣೆ ಮಾಡ್ತೀನಿ.”

“ಹಾಗಿದ್ರೆ ಆ ಬಣ್ಣವೇ ಇವಳ ಹತ್ರ ಬಂದಿದೆ. ಹೇಗೆ ಅಂತ ಮೊದಲು ಹುಡುಕಿ,” ಎಂದರು ಡಾಕ್ಟರು. ಹೋದ ಮಾತುಗಳೆಲ್ಲ ಮರಳುತ್ತವೆಂದು ತಾವು ಭರವಸೆ ಕೊಡಲಾರೆವು ಎಂದೂ ಹೇಳಿದರು.

ಮನೆಗೆ ಬಂದವನು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಶೆಡ್ಡಿಗೆ ಬೀಗ ಜಡಿದ. ಕಿಟಕಿಯ ಅಂಚು, ಆಟಿಕೆ, ನೀರಿನ ಪಾತ್ರೆ ಒಂದನ್ನೂ ಬಿಡದೆ ಬೆರಳಾಡಿಸಿ ನೋಡಿದ. ಎಲ್ಲಿಯೂ ಏನೂ ಅಂಟಲಿಲ್ಲ.

ಅಷ್ಟರಲ್ಲಿ ಹೆಂಡತಿ ಬಾಗಿಲ ಹಿಂದಿನ ಮೊಳೆಯಿಂದ ಬಿಳಿ ಅಂಗಿಯನ್ನು ತೆಗೆದಳು. ನಾಳೆ ಮತ್ತೆ ಕೊಳೆಯಾಗುತ್ತದೆ, ಒಗೆಯಬೇಡ ಎಂದು ಅವನೇ ಹೇಳಿ ತೂಗುಹಾಕಿದ್ದ ಅಂಗಿ.

“ಇಲ್ನೋಡಿ,” ಎಂದು ಅದನ್ನು ಬೆಳಕಿಗೆ ಹರವಿ ಹಿಡಿದಳು.

ಬೆನ್ನು, ತೋಳು, ಜೇಬು ಎಲ್ಲ ಕಡೆ ಹಸಿರು ಧೂಳು ಮೆತ್ತಿತ್ತು. ಎಡ ಹೆಗಲ ಕಡೆಯ ಕಾಲರಿನ ತುದಿ ಮಾತ್ರ ಈಗಷ್ಟೇ ಒಗೆದಿಟ್ಟ ಹಾಗೆ ಬೆಳ್ಳಗಿತ್ತು. ಅಲ್ಲಿ ಚಿಕ್ಕ ಚಿಕ್ಕ ಹಲ್ಲಿನ ಗುರುತುಗಳಿದ್ದವು.

ಮಗುವಿಗೆ ನಿದ್ದೆಯ ಹೊತ್ತಾಗಿತ್ತು. ಅದು ಅಪ್ಪನ ಹತ್ತಿರ ನಡೆದುಬಂದು, ಒಂದೂ ಮಾತಾಡದೆ ಎರಡೂ ಕೈ ಮೇಲೆತ್ತಿತು. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ.