ಗುಂಪಿಗೆ ಸೇರದ ಕುರ್ಚಿ

ಮಗಳು ನೆಲದ ಮೇಲೆ ಕಂಬಳಿ ಮಡಿಸಿ ಹಾಸಿ, ಮಂಡಿಯೂರಿ ಕೂತು ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಮೇಜಿನ ಮೇಲೆ ಹಾಕುವಂತಿರಲಿಲ್ಲ, ಅಲ್ಲಿ ಅಪ್ಪನನ್ನು ಮಲಗಿಸಿದ್ದರು. ಅಂಗಿಯೂ ಅಪ್ಪನದೇ, ಕೊನೆಯದಾಗಿ ತೊಡಿಸುವುದಕ್ಕೆ.

ಒಂದೇ ಕೋಣೆಯ ಮನೆ, ಅದೇ ಅಂಗಡಿ. ಗೋಡೆಗೊತ್ತಿ ಆ ಉದ್ದನೆಯ ಮೇಜು, ಸುತ್ತ ಗಿರಾಕಿಗಳ ಬಟ್ಟೆಗಂಟುಗಳು. ನಿನ್ನೆ ಸಂಜೆ ಅಪ್ಪ ಯಾರದೋ ಪ್ಯಾಂಟಿನ ಒಂದು ಕಾಲಿಗೆ ಇಸ್ತ್ರಿ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು ಕುಸಿದಿದ್ದರು. ಆ ಪ್ಯಾಂಟನ್ನು ಯಾರೋ ಎತ್ತಿ ಮೊಳೆಗೆ ನೇತುಹಾಕಿದ್ದರು. ಅವರು ಹಾಕಿದ ಗೆರೆ ವಾರವಾದರೂ ಅಳಿಸುತ್ತಿರಲಿಲ್ಲವೆಂದು ಬೀದಿಯವರೆಲ್ಲ ಅವರನ್ನು ಗೆರೆ ಮೇಷ್ಟ್ರು ಎನ್ನುತ್ತಿದ್ದರು. ಶಾಲೆಯ ಮೆಟ್ಟಿಲೇ ಹತ್ತದ ತನಗೆ ಈ ಹೆಸರು ಎಲ್ಲಿಂದ ಗಂಟುಬಿತ್ತು ಎಂದು ಅಪ್ಪ ನಗುತ್ತಿದ್ದರು.

"ಊರಿಗೆಲ್ಲ ಗೆರೆ ಹಾಕಿ, ತಾನು ಮಾತ್ರ ಮುದುಡಿದ ಅಂಗೀಲೇ ಓಡಾಡ್ದ," ಎಂದರು ಸೋದರತ್ತೆ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. "ಕಾಲರ್ ಸರಿಯಾಗಿ ಒತ್ತೇ. ಇವತ್ತಾದ್ರೂ ನೀಟಾಗಿ ಹೋಗ್ಲಿ."

ಮಗಳು ಕಾಲರನ್ನು ತಿರುಗಿಸಿ ಒತ್ತಿದಳು. ಅಳು ಬರಲಿಲ್ಲ. ಬೆಳಗಿನಿಂದ ಒಂದೇ ಪ್ರಶ್ನೆ ಕಾಡುತ್ತಿತ್ತು: ಅಪ್ಪನೂ ನನ್ನನ್ನು ದಡ್ಡಿ ಅಂತಲೇ ನಂಬಿದ್ದರಾ? ಇಷ್ಟು ವರ್ಷ ಕೇಳದೇ ಉಳಿದದ್ದನ್ನು ಇನ್ನು ಯಾರ ಹತ್ತಿರ ಕೇಳುವುದು.

* * *

ಆಗ ಅವಳಿಗೆ ಆರು ವರ್ಷ. ಅಮ್ಮ ಇರಲಿಲ್ಲ. ಮನೆಯಲ್ಲಿ ಅಪ್ಪ, ಮಗಳು, ಎರಡೇ ಜೀವ. ಕೆಲಸ ಮುಗಿದ ಮೇಲೆ ಅಪ್ಪ ಮೇಜಿಗೆ ಹಾಸಿದ ಕಂಬಳಿಯ ಉದ್ದಕ್ಕೂ ಕೊನೆಯ ಸಲ ಇಸ್ತ್ರಿಪೆಟ್ಟಿಗೆ ಆಡಿಸಿ, "ಹತ್ತು ಹತ್ತು, ಆರಿಹೋಗುತ್ತೆ" ಎಂದು ಅವಳನ್ನು ಎತ್ತಿ ಮೇಲೆ ಬಿಡುತ್ತಿದ್ದರು. ಆ ಬಿಸಿಯಲ್ಲಿ ಇಬ್ಬರೂ ಮಲಗುತ್ತಿದ್ದರು. ಅವಳು ಗೋಡೆಯ ಕಡೆ, ಅವಳು ಬೀಳದಿರಲೆಂದು ಅಪ್ಪ ಈಚೆ ಕಡೆ.

ಶಾಲೆಯಲ್ಲಿ ಮಕ್ಕಳನ್ನು ಚುರುಕಿನವರು, ನಿಧಾನದವರು ಎಂದು ಬೇರೆ ಮಾಡಲು ಒಂದು ಪರೀಕ್ಷೆ ಇಟ್ಟರು. ಹೆಚ್ಚಿನದೆಲ್ಲ ಚಿತ್ರ. ಮೇಜು, ಕುರ್ಚಿ, ಮಂಚ, ಇಸ್ತ್ರಿಪೆಟ್ಟಿಗೆ, ಇವುಗಳಲ್ಲಿ ಗುಂಪಿಗೆ ಸೇರದ್ದಕ್ಕೆ ಗೀಟು ಹಾಕಬೇಕು. ಅವಳು ಹಿಂದೆಮುಂದೆ ನೋಡದೆ ಕುರ್ಚಿಗೆ ಗೀಟು ಹಾಕಿದಳು. ನಿಮ್ಮ ಮನೆಯಲ್ಲಿರುವ ಬಟ್ಟೆಗಳು ಯಾರವು ಎಂದು ಟೀಚರು ಕೇಳಿದರೆ, ಬೇರೆಯವರವು ಎಂದಳು. ಅಂಥ ಉತ್ತರಗಳೇ ಸಾಲಾಗಿ ಬಂದವು. ಅವಳನ್ನು ನಿಧಾನದ ತರಗತಿಗೆ ಹಾಕಿ, ಅಪ್ಪನನ್ನು ಕರೆಸಿದರು.

ಅಪ್ಪ ಶಾಲೆಗೆ ಹೋಗಿಬಂದರು. ಮಾರನೆಯ ದಿನ ಎಲ್ಲಿಂದಲೋ ಒಂದು ಕುರ್ಚಿ ಹೊತ್ತು ತಂದರು. ಅವಳ ಹಾಸಿಗೆ ಒಂದು ಮೂಲೆಗೆ, ತಮ್ಮದು ಬಾಗಿಲ ಬಳಿಗೆ, ಎರಡೂ ನೆಲಕ್ಕಿಳಿದವು. ಇನ್ನು ಮೇಲೆ ಮೇಜು ಹತ್ತಬಾರದು ಅಂದರು, ಅಷ್ಟೇ. ದಡ್ಡಿಯಾದೆನೆಂದು ಅಪ್ಪ ನನ್ನನ್ನು ಪಕ್ಕದಿಂದ ಎಬ್ಬಿಸಿದರು ಎಂದುಕೊಂಡಳು ಹುಡುಗಿ. ಅದು ಮನಸ್ಸಿನಲ್ಲಿ ಹಾಗೆಯೇ ಕೂತುಬಿಟ್ಟಿತು.

ನಿಧಾನದ ತರಗತಿಯಲ್ಲಿ ಪಾಠವೂ ನಿಧಾನ. ಅಲ್ಲಿಗೆ ಹೋದ ಮಕ್ಕಳು ಮತ್ತೆ ಚುರುಕಿನವರ ಕಡೆ ಬಂದದ್ದಿಲ್ಲ. ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟು ಬೇಕರಿಯಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿದಳು. ಎಷ್ಟೋ ವರ್ಷದ ಮೇಲೆ, ಬಿಲ್ ಬರೆಯಲು ಕೂರು ಬಾ ಎಂದು ಮಾಲೀಕರು ಕರೆದರೆ, ತನಗೆ ಅಷ್ಟು ತಲೆ ಇಲ್ಲ ಎಂದುಬಿಟ್ಟಳು. ಮನೆಯಲ್ಲಿ ಅದನ್ನು ಹೇಳಿದಾಗ ಅಪ್ಪ ಇಸ್ತ್ರಿಯಾಗಿದ್ದ ಕಾಲರಿಗೇ ಮತ್ತೆ ಇಸ್ತ್ರಿ ಹಾಕುತ್ತ ನಿಂತರು. 

* * *

ಮಧ್ಯಾಹ್ನದ ಹೊತ್ತಿಗೆ ಆ ಟೀಚರು ಕೋಲೂರಿಕೊಂಡು ಬಂದರು. ನಿವೃತ್ತಿಯಾದ ಮೇಲೂ ಅವರ ಸೀರೆಗಳು ಇಸ್ತ್ರಿಗೆ ಇಲ್ಲಿಗೇ ಬರುತ್ತಿದ್ದವು. ಅತ್ತೆ ಕುರ್ಚಿ ಎಳೆದು ಕೂರಿಸಿದರು. ಟೀಚರು ಸ್ವಲ್ಪ ಹೊತ್ತು ಅಪ್ಪನ ಮುಖ ನೋಡಿದರು. ಆಮೇಲೆ ಕುರ್ಚಿಯ ಕೈ ಸವರಿದರು.

"ಇದೇ ಕುರ್ಚಿ ಅಲ್ವಾ? ಎಂಥ ಹಟಮಾರಿ ಅಂತೀಯಾ ನಿಮ್ಮಪ್ಪ. ನಿನ್ನ ಪೇಪರ್ ತೋರ್ಸಿದ್ರೆ ನನಗೇ ಪಾಠ ಹೇಳೋಕೆ ಬಂದ್ರು. 'ಮಲಗೋದೂ ಮೇಜಿನ ಮೇಲೆ, ಇಸ್ತ್ರಿ ಹಾಕೋದೂ ಅದರ ಮೇಲೆ, ಮಂಚ, ಮೇಜು, ಇಸ್ತ್ರಿಪೆಟ್ಟಿಗೆ ಮೂರೂ ಒಂದೇ ಗುಂಪಲ್ವಾ ಟೀಚರ್? ಕುರ್ಚಿ ನಮ್ಮನೇಲಿ ಇಲ್ವೇ ಇಲ್ಲ. ನನ್ನ ಮಗಳು ಸರಿಯಾಗೇ ಬರ್ದಿದಾಳೆ, ಚುರುಕಿದಾಳೆ' ಅಂತ."

ಕೂತವರು ಮೆಲ್ಲಗೆ ನಕ್ಕರು. ಟೀಚರೂ ನಕ್ಕರು, ಪ್ರೀತಿಯಿಂದಲೇ. ಮಗಳ ಕೈಯಲ್ಲಿದ್ದ ಅಂಗಿ ಮುದುಡಿತು.

"ಅದಕ್ಕೆ ನೀವೇನಂದ್ರಿ?"

"ನಾನೇನನ್ಲಿ? ಮೇಲಿನೋರು ಕಳಿಸಿದ್ದು ಒಂದೇ ಉತ್ತರ. ಅಂಕ ಬದಲಾಯ್ಸೋಕಾಗಲ್ಲ, ಬೇಕಾದ್ರೆ ಮನೆ ಬದಲಾಯ್ಸಿ ಅಂದೆ. ಮಗೂನ ಮೇಜಿನ ಮೇಲೆ ಮಲಗಿಸ್ಬೇಡಿ, ಕೂರೋಕೆ ಒಂದು ಕುರ್ಚಿ ತನ್ನಿ ಅಂತ. ಮುಂದಿನ ವರ್ಷ ಬಂದು, ಕುರ್ಚಿ ತಂದಿದೀನಿ, ಇನ್ನೊಂದ್ಸಲ ಪರೀಕ್ಷೆ ಮಾಡಿ ಅಂದ್ರು. ಅದು ಒಂದೇ ಸಲ ಕಣ್ರೀ ಅಂದೆ. ಆಮೇಲೆ ಸೀರೆ ತಂದುಕೊಟ್ಟಾಗಲೆಲ್ಲ ಅದೇ ರಾಗ."

"ನನಗೆ ಒಂದು ಮಾತೂ ಹೇಳ್ಲಿಲ್ಲ."

"ಹೇಳ್ಬೇಡಿ ಅಂತ ನನಗೂ ಅಂದಿದ್ರಮ್ಮ. ತಪ್ಪು ಮನೇದು ಅಂತ ಗೊತ್ತಾದ್ರೆ ಮನೆ ಕಂಡ್ರೆ ನಾಚ್ಕೊಳ್ತಾಳೆ ಅಂತ."

ಬೇರೆ ಯಾರೋ ಬಂದರು, ಟೀಚರು ಅವರೊಡನೆ ಮಾತಿಗಿಳಿದರು. ಅಷ್ಟು ವರ್ಷ ಅಪ್ಪ ಮನೆಗೆ ತಟ್ಟದಂತೆ ತಡೆದ ಆ ನಾಚಿಕೆಯನ್ನು ಮಗಳು ಅಷ್ಟೂ ವರ್ಷ ಒಬ್ಬಳೇ ಹೊತ್ತಿದ್ದಳು. ಈಗ ಅಳು ಬಂತು. ಅತ್ತೆ ಬಂದು ತಬ್ಬಿಕೊಂಡರೂ ನಿಲ್ಲಲಿಲ್ಲ. ಅವಳು ಮತ್ತೆ ನೆಲಕ್ಕೆ ಕೂತು, ಮುದುಡಿದ ಅಂಗಿಯನ್ನು ಬಿಡಿಸಿ, ಹೊಸದಾಗಿ ಇಸ್ತ್ರಿ ಹಾಕಿದಳು.

* * *

ಎಲ್ಲ ಮುಗಿಸಿ ಮರಳಿದಾಗ ಸಂಜೆಯಾಗಿತ್ತು. ಮೇಜು ಖಾಲಿಯಿತ್ತು. ಬೆಳಗಿನಿಂದ ದಣಿದಿದ್ದೀಯ, ಇಲ್ಲಿ ಕೂತುಕೋ ಎಂದು ಅತ್ತೆ ಕುರ್ಚಿಯನ್ನು ಮುಂದಕ್ಕೆ ತಳ್ಳಿ, ಸ್ನಾನಕ್ಕೆ ನೀರು ಕಾಯಿಸಲು ಹಿತ್ತಲಿಗೆ ಹೋದರು.

ಮಗಳು ಕುರ್ಚಿಯನ್ನು ಎತ್ತಿಕೊಂಡು ಹೋಗಿ ಬಾಗಿಲ ಹೊರಗೆ, ಬೀದಿಯಂಚಿಗೆ ಇಟ್ಟು ಬಂದಳು. ನೆಲದ ಮೇಲಿದ್ದ ಕಂಬಳಿಯನ್ನು ಮೇಜಿಗೆ ಹಾಸಿದಳು. ಮೊಳೆಯಲ್ಲಿದ್ದ ಪ್ಯಾಂಟು ತೆಗೆದು, ಉಳಿದ ಕಾಲಿಗೆ ಗೆರೆ ಕೂರಿಸಿ, ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಬರೀ ಕಂಬಳಿಯ ಮೇಲೆ, ಈ ತುದಿಯಿಂದ ಆ ತುದಿಯವರೆಗೆ, ಇಸ್ತ್ರಿಪೆಟ್ಟಿಗೆ ಆಡಿಸಿದಳು.

ಹಿತ್ತಲಿನಿಂದ ಅತ್ತೆ ಬಂದು ನೋಡಿದಾಗ ಅವಳು ಮೇಜು ಹತ್ತಿ, ಗೋಡೆಗೊತ್ತಿ ಮಲಗಿದ್ದಳು. ಈಚೆ ಕಡೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟಿದ್ದಳು. ಅತ್ತೆ ಅಲ್ಲಿ ಕೈಯಿಟ್ಟರು. ಕಂಬಳಿ ಇನ್ನೂ ಬೆಚ್ಚಗಿತ್ತು.