ಅತ್ತೆಯ ದಾಖಲೆ ಮತ್ತು ಉಬ್ಬಿದ ಬ್ಯಾಟರಿ

ಅತ್ತೆಯ ಅಂಗೈಯಗಲದ ಹಳೇ ವಿಡಿಯೊ ಗೇಮಿಗೆ ಹೊಟ್ಟೆ ಬಂದಿತ್ತು. ಒಳಗಿನ ಬ್ಯಾಟರಿ ದಿಂಬಿನಂತೆ ಉಬ್ಬಿ ಹಿಂದಿನ ಮುಚ್ಚಳವನ್ನೇ ಎತ್ತಿಬಿಟ್ಟಿತ್ತು. ಇಂಥ ರಿಪೇರಿಯೇ ನನ್ನ ಕಸುಬು, ಮನೆಯ ಮುಂದಿನ ಕೋಣೆಯೇ ಅಂಗಡಿ. ಬೇರೆಯವರದಾಗಿದ್ದರೆ ಹಳೆಯದನ್ನು ಕಿತ್ತು ಹೊಸದು ಹಾಕಿ ಕಳಿಸುತ್ತಿದ್ದೆ. ಇದು ಅತ್ತೆಯದು, ತಲೆನೋವು ಶುರುವಾದದ್ದೇ ಅಲ್ಲಿ.

ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಆ ಆಟದಲ್ಲಿ, ಮನೆಯಲ್ಲಿ ಯಾರೂ ಇಲ್ಲದ ಒಂದು ದಿನ ಅತ್ತೆ ಮಾವನ ದಾಖಲೆ ಮುರಿದಿದ್ದರು. ಮಾವ ಸುತರಾಂ ಒಪ್ಪಿರಲಿಲ್ಲ. “ಮಷೀನ್ ಕೆಟ್ಟು ಏನೋ ತೋರಿಸ್ತಿದೆ” ಎಂಬುದೇ ಅವರ ರಾಗ. ಅತ್ತೆಗಿದ್ದ ಒಂದೇ ಸಾಕ್ಷಿ ಪರದೆಯ ಮೂಲೆಯ ಆ ಅಂಕಿ. ಒಂದು ಕ್ಷಣ ಬ್ಯಾಟರಿ ತಪ್ಪಿದರೂ ಅಂಕಿ ಅಳಿಸಿಹೋಗುವಷ್ಟು ಹಳೇ ಯಂತ್ರ.

“ನೋಡಮ್ಮಾ, ಏನಾದ್ರೂ ಮಾಡು, ನನ್ನ ನಂಬರ್ ಮಾತ್ರ ಹೋಗ್ಬಾರ್ದು,” ಎಂದರು ಅತ್ತೆ.

ಅದಕ್ಕೊಂದು ಉಪಾಯವಿದೆ. ಹೊಸ ಬ್ಯಾಟರಿಯನ್ನು ಹಳೆಯದರಷ್ಟೇ ಚಾರ್ಜ್ ಮಾಡಿ, ಎರಡೂ ಸರಿಸಮವೆಂದು ಮೀಟರಿನಲ್ಲಿ ನೋಡಿ, ಹಳೆಯದನ್ನು ತೆಗೆಯುವ ಮೊದಲೇ ಅದರ ಪಕ್ಕದಲ್ಲಿ ಯಂತ್ರಕ್ಕೆ ಸಿಕ್ಕಿಸಬೇಕು. ಆಮೇಲೆ ಹಳೆಯದರ ತಂತಿಗಳನ್ನು ಒಂದೊಂದಾಗಿ ಕತ್ತರಿಸಬೇಕು. ಎರಡು ತಂತಿಗೂ ಒಟ್ಟಿಗೆ ಕತ್ತರಿ ತಾಗಿತೋ, ಕಿಡಿ ಹಾರಿತೆಂದೇ ಲೆಕ್ಕ. ಉಬ್ಬಿದ್ದನ್ನು ಚುಚ್ಚುವಂತಿಲ್ಲ, ಅದುಮುವಂತಿಲ್ಲ. ಯಂತ್ರ ಆನ್ ಇರುವಾಗಲೇ ಇಷ್ಟೂ ಆಗಬೇಕು.

ಮಾವ ಲೈನ್‌ಮನ್ ಆಗಿ ನಿವೃತ್ತರಾದವರು. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ನಾನು ಎರಡನೇ ತಂತಿಯನ್ನೂ ಕತ್ತರಿಸಿ, ಹಳೇ ಬ್ಯಾಟರಿಯನ್ನು ಮರಳಿನ ಡಬ್ಬಿಗೆ ಹಾಕಿದೆ. ಅಂಕಿ ಹಾಗೇ ಇತ್ತು. ಅತ್ತೆಯ ಮುಖ ಅರಳಿತು. ಯಂತ್ರದ ಕಡೆ ಉಳಿದ ತಂತಿಯ ತುದಿಗೆ ಟೇಪು ಸುತ್ತಲು ಕೈ ಹಾಕಿದ್ದೇ ತಡ, “ಏಯ್, ಲೈನ್ ಆಫ್ ಮಾಡ್ದೆ ತಂತಿ ಮುಟ್ತೀಯಾ!” ಎಂದು ಕೂಗಿದ ಮಾವ ಹೊಸ ಬ್ಯಾಟರಿಯ ಪಿನ್ನನ್ನು ಕಿತ್ತೇಬಿಟ್ಟರು. ಕಂಬದ ಮೇಲೆ ಕಲಿತ ಪಾಠ, ಕೈ ತಾನಾಗಿ ಓಡಿತ್ತು.

ಪರದೆ ಕಪ್ಪಾಯಿತು. ಮತ್ತೆ ಸಿಕ್ಕಿಸಿದೆ. ಅಂಕಿಯ ಜಾಗದಲ್ಲಿ ದುಂಡನೆಯ ಸೊನ್ನೆ. ನನಗೆ ಅಳುವೇ ಬಂತು.

“ಬೇಕಂತ್ಲೇ ಮಾಡಿದ್ರಿ,” ಎಂದರು ಅತ್ತೆ. “ಇನ್ಮೇಲೆ ನನ್ನ ಮಾತು ಯಾರು ನಂಬ್ತಾರೆ?”

“ನಿನ್ನಾಣೆಗೂ ಇಲ್ಲ ಕಣೇ!” ಮಾವ ಬೆವೆತುಹೋದರು. “ನಲವತ್ತೆಂಟು ಸಾವಿರದ ಮುನ್ನೂರ ಇಪ್ಪತ್ತು! ಅಳಿಸಿದ್ರೆ ಮರ್ತೋಗುತ್ತಾ? ನೀನು ಹೊರಗೆ ಹೋದಾಗೆಲ್ಲ ಅದನ್ನ ದಾಟೋಕೆ ಒದ್ದಾಡಿದ್ದೀನಿ. ಹತ್ರಾನೂ ಹೋಗೋಕಾಗ್ಲಿಲ್ಲ. ಅದೇನ್ ಆಟ ಆಡಿದ್ಯೋ ಮಹಾತಾಯಿ!”

ಬಾಯಿಂದ ಏನು ಜಾರಿತೆಂದು ಮಾವನಿಗೆ ಹೊಳೆದದ್ದು ಆಮೇಲೆ. ತಲೆ ಕೆರೆದುಕೊಂಡರು.

ಅತ್ತೆ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. “ನೀನೂ ಕೇಳಿಸ್ಕೊಂಡ್ಯಲ್ಲ?”

“ಎರಡೂ ಕಿವೀಲಿ ಕೇಳಿಸ್ಕೊಂಡೆ ಅತ್ತೆ.”

“ಸರಿ, ಚಾರ್ಜಿಗೆ ಹಾಕು.”

ಹೊಸ ಬ್ಯಾಟರಿಯಲ್ಲವೇ, ನಿಧಾನದ ಚಾರ್ಜು ಕೊಟ್ಟು, ಕಲ್ಲಿನ ಕಟ್ಟೆಯ ಮೇಲೆ ಕಣ್ಣೆದುರಿಗೇ ಇಟ್ಟೆ. ಇಬ್ಬರೂ ಅದರ ಮುಂದೆ ಅಂಟಿಕೊಂಡು ಕೂತರು. ಹಸಿರು ದೀಪ ಬಂದದ್ದೇ ಅತ್ತೆ ಗೇಮನ್ನು ಮಾವನ ಕೈಗಿಟ್ಟರು.

“ಮೊದ್ಲು ನೀವೇ ಆಡಿ. ಸೊನ್ನೆ ದಾಟೋದು ಸುಲಭ.”