ಟ್ರಯಲ್‌ಗೆ ಬಾರದ ಹುಡುಗಿ

ನನ್ನ ಚಿಂತೆ ತೀರಾ ಸಣ್ಣದು, ಡೈರಿಗೂ ಹೇಳಲು ನಾಚಿಕೆಯಾಗುವಷ್ಟು: ನನ್ನ ಭುಜ ಹದಿನೇಳೂವರೆ ಇಂಚು. ಅಂಗಡಿಯ ಅಳತೆ ಪುಸ್ತಕವನ್ನು ಮೊದಲ ಪುಟದಿಂದ ತಿರುವಿ ನೋಡಿದ್ದೇನೆ. ಹೆಂಗಸರಲ್ಲಿ ಹದಿನಾರು ದಾಟಿದವರು ಇಬ್ಬರೇ, ಈಜು ಕಲಿಸುವವರು ಮತ್ತು ನರ್ಸಮ್ಮ. ನಾನು ಮೂರನೆಯವಳು. ಇದು ಡೈರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಉಳಿದವರಿಗೆ ನಾನು ದರ್ಜಿ ಮಾಸ್ತರರ ಒಬ್ಬನೇ ಮಗ, ಡಿಗ್ರಿ ಮುಗಿಸಿಯೂ ಕೆಲಸ ಸಿಗದೆ ಅಪ್ಪನ ಅಂಗಡಿಯಲ್ಲಿ ಕೂತವನು.

ನಮ್ಮದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಎರಡು ಮಿಷನ್ನು, ಒಂದು ಉದ್ದ ಮೇಜು, ಪರದೆಯ ಹಿಂದೆ ಆಳೆತ್ತರದ ಕನ್ನಡಿ. ಅಪ್ಪ ಟೇಪು ಹಿಡಿದು ಅಂಕಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ, ಆಮೇಲೆ ಹೊಲಿಯುತ್ತೇನೆ. ಗುಂಡಿ, ಕಾಜಾ ಎಲ್ಲ ಅಂಗಡಿಯ ಹಳೆಯ ಕೆಲಸಗಾರ ಕಾಜಾ ಮಾಮನ ಪಾಲು. ಕತ್ತರಿ ಮಾತ್ರ ಅಪ್ಪನದು. ಅವರು ಅಂಗಡಿ ತೆರೆದ ದಿನದಿಂದ ಬೇರೆ ಯಾರೂ ಆ ಕತ್ತರಿಯನ್ನು ಬಟ್ಟೆಗೆ ಹಾಕಿಲ್ಲ. ನನಗೆ ಕತ್ತರಿಸಲು ಬರುವುದೂ ಇಲ್ಲ.

ಅದಕ್ಕೇ ನನಗೊಂದು ಗೌನು ಬೇಕೆನಿಸಿದಾಗ ಬೇರೆ ದಾರಿ ಹೊಳೆಯಲಿಲ್ಲ. ರೆಡಿಮೇಡು ಎರಡು ತಂದು ನೋಡಿದ್ದೆ. ಒಂದು ಭುಜದಲ್ಲೇ ಪಿಸಿಯಿತು, ಇನ್ನೊಂದು ಗೋಣಿಚೀಲದ ಹಾಗೆ ನೇತಾಡಿತು. ಒಂದು ಮಧ್ಯಾಹ್ನ ಇಬ್ಬರೂ ಊಟಕ್ಕೆ ಹೋಗಿದ್ದಾಗ ಪರದೆ ಎಳೆದುಕೊಂಡು ನನ್ನ ಮೈಯನ್ನು ನಾನೇ ಅಳೆದೆ. ಪುಸ್ತಕದ ಹೊಸ ಪುಟದಲ್ಲಿ ‘ಲೈಬ್ರರಿ ಹುಡುಗಿ’ ಎಂದು ಬರೆದೆ. ಕೆಳಗೆ ನನ್ನ ಅಂಕಿಗಳು. ಪಾಚಿ ಬಣ್ಣದ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟು, “ನೀವಿಲ್ಲದಾಗ ಬಂದು ಕೊಟ್ಟು ಹೋದ್ರು” ಎಂದೆ.

ಅಪ್ಪ ಪುಟ ನೋಡಿದರು. ಸೀಮೆಸುಣ್ಣ ಹಿಡಿದ ಕೈ ನಿಂತಿತು. “ಭುಜ ಸರಿಯಾಗಿ ಹಿಡಿದ್ಯೇನೋ?”

“ಎರಡು ಸಲ ಹಿಡಿದೆ.”

“ಇವಳು ಲೈಬ್ರರೀಲಿ ಪುಸ್ತಕ ಕೊಡ್ತಾಳೋ, ಬೀರು ಹೊರ್ತಾಳೋ?” ಎಂದರು ಕಾಜಾ ಮಾಮ.

ನಾನು ನಕ್ಕೆ. ನಗದಿದ್ದರೆ ಅನುಮಾನ ಬರುತ್ತದೆ.

ಅಪ್ಪ ನಗಲಿಲ್ಲ. “ಸುಮ್ನಿರಯ್ಯ. ಮೈಯನ್ನ ಯಾರಾದ್ರೂ ಆರಿಸ್ಕೊಂಡು ಬರ್ತಾರಾ?” ಗೆರೆಯನ್ನು ಅರ್ಧ ಇಂಚು ಒಳಗೆ ಎಳೆದು ನನಗೆ ತೋರಿಸಿದರು. “ತೋಳಿನ ಹೊಲಿಗೆ ಇಲ್ಲಿಗೆ ಬರ್ಲಿ. ಕತ್ತು ಚೂರು ಇಳಿಸೋಣ. ನೋಡೋರ ಕಣ್ಣು ಭುಜದ ಮೇಲೆ ನಿಲ್ಲಲ್ಲ. ಪಾಪ, ಆ ಹುಡುಗಿ ಎಲ್ಲೆಲ್ಲಿ ಮುಜುಗರ ಪಟ್ಕೊಂಡಿದ್ದಾಳೋ.”

ನಾನು ಬಾಬಿನ್ ಹಾಕುವ ನೆಪದಲ್ಲಿ ಬಗ್ಗಿದವಳು ಎಷ್ಟೋ ಹೊತ್ತು ತಲೆ ಎತ್ತಲಿಲ್ಲ. ಅವತ್ತು ಡೈರಿಯಲ್ಲಿ ಒಂದೇ ಸಾಲು: ಅಪ್ಪ ಇವತ್ತು ನನ್ನ ಬಗ್ಗೆ ಮಾತಾಡಿದರು.

ಆ ಖುಷಿಯಲ್ಲಿ ನಾನು ಮರೆತದ್ದು ಟ್ರಯಲ್. ನಮ್ಮಲ್ಲಿ ಮೊದಲು ಬರೀ ಕಚ್ಚಾ ಹೊಲಿಗೆ. ಬಟ್ಟೆ ಕೊಟ್ಟವರು ಬಂದು, ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತು, ಅಪ್ಪ ಕಣ್ಣಾರೆ ನೋಡಿದ ಮೇಲೇ ಪಕ್ಕಾ ಹೊಲಿಗೆ. ಚಿಕ್ಕಂದಿನಿಂದ ಕಂಡ ಪದ್ಧತಿ, ಆದರೂ ನನ್ನ ತಲೆಗೆ ಬಂದಿರಲಿಲ್ಲ. ಗೌನು ಕೊಕ್ಕೆಗೆ ಬಿತ್ತು. ನಾಳೆ ಬರ್ತಾರಂತೆ ಎಂದೆ. ಆಮೇಲೆ ಜ್ವರವಂತೆ ಎಂದೆ. “ನಾನೇ ತಲುಪಿಸಿ ಬರ್ಲಾ?” ಎಂದೂ ಕೇಳಿದೆ.

“ನಾನು ನೋಡದ ಬಟ್ಟೆ ಈ ಬಾಗಿಲು ದಾಟಲ್ಲ” ಎಂದರು ಅಪ್ಪ.

ಒಂದೇ ಒಂದು ಸಲ, ಊಟದ ಹೊತ್ತಿನಲ್ಲಿ, ಅದನ್ನು ತೊಟ್ಟುಕೊಂಡೆ. ಕನ್ನಡಿಯಲ್ಲಿದ್ದವಳು ಚೆಲುವೆಯೇನಲ್ಲ. ಬಸ್ಸಿಗೆ ಕಾಯುತ್ತ ನಿಂತಿರುತ್ತಾರಲ್ಲ, ಯಾರೂ ಎರಡನೇ ಸಲ ತಿರುಗಿ ನೋಡದ ಹುಡುಗಿಯರು, ಅಂಥವಳು. ಅಷ್ಟು ಸಾಧಾರಣವಾಗಿ ಕಂಡೆನಲ್ಲ, ಅದಕ್ಕೇ ಅಳು ಬಂತು. ಮೂರು ನಿಮಿಷವೂ ಇರಲಿಲ್ಲ. ಕಚ್ಚಾ ನೂಲು ಹರಿಯದಂತೆ ಉಸಿರು ಬಿಗಿಹಿಡಿದು ಬಿಚ್ಚಿ, ಮತ್ತೆ ಕೊಕ್ಕೆಗೆ ಹಾಕಿದೆ.

ಅಪ್ಪನಿಗೆ ಹೇಳಿಬಿಡಬಹುದಿತ್ತು ಎನ್ನಬಹುದು. ಕಳೆದ ತಿಂಗಳು ಒಬ್ಬಳು ಬಂದಿದ್ದಳು. ಎತ್ತರದ ಹೆಂಗಸು, ತುಟಿಗೆ ಬಣ್ಣ, ದನಿ ಗಡುಸು. ಅಪ್ಪನ ಕೈ ಟೇಪಿನ ಕಡೆಗೆ ಹೋಗಲೇ ಇಲ್ಲ. “ಆರ್ಡರ್ ಜಾಸ್ತಿ ಇದೆಯಮ್ಮ, ಆಗಲ್ಲ” ಎಂದರು. ನನ್ನ ಗೌನೊಂದನ್ನು ಬಿಟ್ಟರೆ ಕೊಕ್ಕೆಗಳು ಖಾಲಿ ಇದ್ದವು. ಅವಳು ಅವನ್ನೂ ನೋಡಿದಳು, ನನ್ನನ್ನೂ ನೋಡಿದಳು. “ಗೊತ್ತಾಯ್ತು ಬಿಡಿ ಮಾಸ್ಟ್ರೇ” ಎಂದು ಹೊರಟಳು. ಅವಳ ಚೀಲ ಇಟ್ಟಿದ್ದ ಜಾಗವನ್ನು ಅಪ್ಪ ಒದ್ದೆ ಬಟ್ಟೆಯಿಂದ ಒರೆಸಿದರು. “ಹೆತ್ತವರ ಪಾಡು ಏನಾಗಿರ್ಬೇಡ” ಎಂದರು. ಹೂಂ ಎಂದವಳು ನಾನು.

ಗೌನು ಕೊಕ್ಕೆಗೆ ಬಿದ್ದು ಇವತ್ತಿಗೆ ಮೂರು ತಿಂಗಳು. ಯಾರೂ ಕೇಳದ ಬಟ್ಟೆಯನ್ನು ಬಿಚ್ಚಿ ಬೇರೆಯದಕ್ಕೆ ಬಳಸುವುದು ನಮ್ಮಲ್ಲಿ ರೂಢಿ. ಬೆಳಿಗ್ಗೆ ಅಪ್ಪ ಗೌನನ್ನು ಕೊಕ್ಕೆಯಿಂದ ತೆಗೆದು ನನ್ನ ಮಡಿಲಿಗೆ ಹಾಕಿದರು. “ಬಿಚ್ಚಿಬಿಡು. ಮಕ್ಕಳ ಫ್ರಾಕಿಗೆ ಲೈನಿಂಗ್ ಆಗುತ್ತೆ.”

“ಇನ್ನೊಂದು ವಾರ ನೋಡೋಣ್ವಾ?”

“ಬರೋಳಾಗಿದ್ರೆ ಇಷ್ಟೊತ್ತಿಗೆ ಬರ್ತಿದ್ಲು.”

ಕಾಜಾ ಮಾಮ ಸೂಜಿಗೆ ದಾರ ಪೋಣಿಸುತ್ತ, “ಮಾಸ್ಟ್ರೇ, ನಮ್ಮ ಡಿಗ್ರಿ ಸಾಹೇಬನಿಗೆ ಆ ಹುಡುಗಿ ಮೇಲೆ ಮನಸ್ಸಿದೆ. ದಿನಾ ಆ ಗೌನನ್ನೇ ನೋಡ್ತಾ ಕೂತಿರ್ತಾನೆ” ಎಂದರು.

ಅಪ್ಪ ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರ ಮುಖ ಹಾಗೆ ಅರಳಿದ್ದನ್ನು ನಾನು ಕಂಡು ವರ್ಷಗಳಾಗಿದ್ದವು. “ಹೌದೇನೋ? ಬಾಯಿ ಬಿಟ್ಟು ಹೇಳೋದಲ್ವಾ ಮಾರಾಯಾ. ಭುಜ ಅಗಲ ಇದ್ರೆ ಏನಂತೆ, ಓದಿದ ಹುಡುಗಿ. ಕರ್ಕೊಂಡು ಬಾ. ಅವರ ಮನೆಯೋರ ಹತ್ರ ನಾನೇ ಮಾತಾಡ್ತೀನಿ.”

“ಸಂಕೋಚದ ಪ್ರಾಣಿ” ಎಂದರು ಕಾಜಾ ಮಾಮ. “ಕಿವಿ ನೋಡಿ, ಹೆಂಗೆ ಕೆಂಪಾಯ್ತು.”

ಹೌದು ಎಂದುಬಿಟ್ಟರೆ ಸಾಕಿತ್ತು. ಅಪ್ಪ ಇನ್ನಷ್ಟು ದಿನ ಹೀಗೇ ಇರುತ್ತಿದ್ದರು, ಗೌನು ಕೊಕ್ಕೆಯಲ್ಲಿ ಇರುತ್ತಿತ್ತು. ಆಮೇಲೆ ಯಾರನ್ನು ಕರೆತರಲಿ? ನಾನು ಬ್ಲೇಡು ತೆಗೆದುಕೊಂಡೆ. ಕಚ್ಚಾ ಹೊಲಿಗೆ, ತಡವಾಗುವುದಿಲ್ಲ. ಎಡತೋಳು ಕಳಚಿ ಬಂತು. ಕತ್ತಿನ ಪಟ್ಟಿ ಬಂತು.

“ಏಯ್, ಯಾಕೋ ಬಿಚ್ತಿದ್ದೀಯ? ಕರ್ಕೊಂಡು ಬಾ ಅಂದ್ನಲ್ಲ.”

“ಬರಲ್ಲ ಅಪ್ಪ.”

“ಯಾಕೆ, ಜಗಳವಾ? ಏನಂದ್ಲು ಹೇಳು. ನಾನು ಹೋಗಿ ಕೇಳ್ತೀನಿ.” ಅವರು ಆಗಲೇ ಚಪ್ಪಲಿಗೆ ಕಾಲು ಹಾಕಿದ್ದರು.

ಬಲತೋಳೂ ಕಳಚಿತು. ಮಡಿಲಲ್ಲಿ ಈಗ ಗೌನು ಇರಲಿಲ್ಲ, ಬರೀ ತುಂಡುಗಳು. ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಬಹುಶಃ ಅದಕ್ಕೇ ಬಾಯಿ ಬಂತು.

“ಆ ಹುಡುಗಿ ನಾನೇ, ಅಪ್ಪ.”